ಸತ್ಯವೇದದ ಒರಟು ಮಾತು ಪ್ರಸಂಗಕ್ಕೆ ಬಂದಾಗ ಏನು ಮಾಡಬೇಕು

ಹೊಸದಾಗಿ ಪ್ರಸಂಗಕ್ಕೆ ನಿಲ್ಲುವ ಹುಡುಗರು ಪದೇ ಪದೇ ಕೇಳುವ ಪ್ರಶ್ನೆ ಇದು: "ಅಣ್ಣಾ, ಬೈಬಲಿನಲ್ಲೇ ಇದೆಯಲ್ಲ, ನಾನು ಹೇಳಿದರೆ ಏನು ತಪ್ಪು?" ಯೆಹೆಜ್ಕೇಲ 23 ಓದಿರುತ್ತಾರೆ. ಇಲ್ಲವೇ ಯೂಟ್ಯೂಬಿನಲ್ಲಿ ಯಾರೋ ಪೌಲನೇ ಕೆಟ್ಟ ಮಾತು ಬಳಸಿದ್ದಾನೆ ಅಂದದ್ದನ್ನು ಕೇಳಿರುತ್ತಾರೆ. ಇದೇ ಪ್ರಶ್ನೆಯನ್ನು ಸಭೆಯ ಹಿರಿಯರ ಹತ್ತಿರ ತಗೊಂಡು ಹೋದರೆ, "ಆ ಅಧ್ಯಾಯದ ತಂಟೆಗೇ ಹೋಗಬೇಡಪ್ಪ, ಹೆಂಗಸರು ಮಕ್ಕಳು ಕೂತಿರ್ತಾರೆ" ಅಂದುಬಿಡುತ್ತಾರೆ.

ಎರಡೂ ನನಗೆ ಒಪ್ಪಿಗೆ ಇಲ್ಲ. ದೇವರ ವಾಕ್ಯದಲ್ಲಿ ಇರುವುದನ್ನು ಮುಚ್ಚಿಡುವ ಹಕ್ಕು ನಮಗಿಲ್ಲ. ಹಾಗಂತ ಪ್ರವಾದಿ ಆಡಿದ ಮಾತನ್ನು ಎತ್ತಿಕೊಂಡು ನಮ್ಮ ಸಿಟ್ಟು ತೀರಿಸಿಕೊಳ್ಳುವ ಹಕ್ಕೂ ಇಲ್ಲ. ಆ ಮಾತು ಯಾರ ಬಾಯಿಂದ ಬಂತು, ಯಾರ ಮೇಲೆ ಬಿತ್ತು, ಇವೆರಡನ್ನು ನೋಡಿದರೆ ಮುಕ್ಕಾಲು ಪಾಲು ಉತ್ತರ ಅಲ್ಲೇ ಸಿಗುತ್ತದೆ. ಉಳಿದ ಕಾಲು ಭಾಗ ನಮ್ಮ ಊರು, ನಮ್ಮ ಭಾಷೆ, ನಮ್ಮ ಸಭೆಯಲ್ಲಿ ಕೂತಿರುವ ಜನ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಸಣ್ಣ ಸಭೆಗಳಲ್ಲಿ, ಮನೆ ಪ್ರಾರ್ಥನೆಗಳಲ್ಲಿ ವಾಕ್ಯ ಹೇಳುವವರನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು, ಮಾತಾಡುತ್ತಿರುವವರು ಯಾರು?

ಸತ್ಯವೇದದಲ್ಲಿ ಬರೆದಿದೆ ಅಂದಾಕ್ಷಣ ಅದು ದೇವರು ಆಡಿದ ಮಾತು ಅಂತಲ್ಲ. 2 ಅರಸುಗಳು 18:27 ತೆಗೆಯಿರಿ. ಯೆರೂಸಲೇಮಿನ ಗೋಡೆಯ ಮೇಲೆ ಕೂತವರು ತಮ್ಮ ಮಲ ತಿಂದು ಮೂತ್ರ ಕುಡಿಯುವ ಕಾಲ ಬರುತ್ತದೆ ಅಂತ ಅಲ್ಲಿ ಕೂಗುವವನು ಅಶ್ಶೂರದ ಅರಸನ ಕಡೆಯ ರಬ್ಷಾಕೆ. ಮುತ್ತಿಗೆ ಹಾಕಿದ ವೈರಿ. ಹೆದರಿಸುವುದಕ್ಕೆ ಅಂತಲೇ, ಗೋಡೆ ಮೇಲಿನ ಜನರಿಗೆ ಅರ್ಥವಾಗಲಿ ಅಂತ ಅವರದೇ ಭಾಷೆಯಲ್ಲಿ ಕೂಗುತ್ತಾನೆ. ಇದು ಬೈಬಲಿನಲ್ಲಿ ಇದೆ, ಹಾಗಾಗಿ ನಾನೂ ಹೇಳಬಹುದು ಅಂತ ಹೊರಟರೆ ನೀವು ನಿಲ್ಲುವುದು ರಬ್ಷಾಕೆಯ ಪಕ್ಕದಲ್ಲಿ.

ಇನ್ನೊಂದು, 1 ಸಮುವೇಲ 25. ಕುರಿಯ ಉಣ್ಣೆ ಕತ್ತರಿಸುವ ಹಬ್ಬದಲ್ಲಿ ನಾಬಾಲ ದಾವೀದನ ಆಳುಗಳನ್ನು ಅವಮಾನ ಮಾಡಿ ಬರಿಗೈಲಿ ಕಳಿಸುತ್ತಾನೆ. ದಾವೀದ ಕತ್ತಿ ಕಟ್ಟಿಕೊಂಡು ಹೊರಡುತ್ತಾನೆ, ನಾಬಾಲನ ಮನೆಯ ಗಂಡಸರಲ್ಲಿ ಒಬ್ಬನನ್ನೂ ಬಿಡುವುದಿಲ್ಲ ಅಂತ ಆಣೆ ಇಡುತ್ತಾನೆ. ಮೂಲದಲ್ಲಿ ಗಂಡಸು ಅನ್ನುವುದಕ್ಕೆ ಅವನು ಬಳಸುವುದು 'ಗೋಡೆಗೆ ಉಚ್ಚೆ ಹುಯ್ಯುವವನು' ಅನ್ನುವ ಮಾತು. ಸಿಪಾಯಿಗಳ ಮಾತು. ಅಭಿಷಿಕ್ತನಾದ ದಾವೀದನೇ ಹಾಗೆ ಮಾತಾಡಿದ್ದಾನೆ ಅಂತ ಕೆಲವರು ಇದನ್ನು ದೊಡ್ಡ ಅನುಮತಿ ಅನ್ನುವ ಹಾಗೆ ಹಿಡಿದುಕೊಳ್ಳುತ್ತಾರೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅಬೀಗೈಲ್ ಕತ್ತೆಗಳ ಮೇಲೆ ರೊಟ್ಟಿ, ದ್ರಾಕ್ಷಾರಸ, ಅಂಜೂರದ ಉಂಡೆ ಹೇರಿಕೊಂಡು ಎದುರಿಗೆ ಬಂದು ಕಾಲಿಗೆ ಬೀಳುತ್ತಾಳೆ. ಆಮೇಲೆ ದಾವೀದ ತಾನೇ ಹೇಳುತ್ತಾನೆ, ಈವತ್ತು ನನ್ನನ್ನು ರಕ್ತಾಪರಾಧದಿಂದ ತಡೆದ ನಿನಗೆ ಆಶೀರ್ವಾದವಾಗಲಿ ಅಂತ. ಆ ಅಧ್ಯಾಯದಲ್ಲಿ ತಡೆದವಳು ಗೆದ್ದಳು, ಒರಟು ಆಣೆ ಬಿದ್ದುಹೋಯಿತು. ಇದನ್ನು ಪ್ರಸಂಗ ಮಾಡುವವರು ಅಬೀಗೈಲಳ ತನಕ ಹೋಗಲೇಬೇಕು. ಸಿಟ್ಟಿನಲ್ಲಿರುವ ದಾವೀದನ ಹತ್ತಿರವೇ ನಿಂತರೆ ಆಗುವುದಿಲ್ಲ.

ಆಮೇಲೆ, ಆ ಮಾತು ಯಾರ ಮೇಲೆ?

ಇದು ಎಲ್ಲಕ್ಕಿಂತ ಮುಖ್ಯ. ಸ್ವಲ್ಪ ನಿಧಾನವಾಗಿ ನೋಡೋಣ.

ಮಲಾಕಿಯ 2:3ರಲ್ಲಿ ಹಬ್ಬದ ಬಲಿಪಶುಗಳ ಸಗಣಿಯನ್ನು ಮುಖಕ್ಕೆ ಬಳಿಯುತ್ತೇನೆ ಅಂತ ದೇವರು ಹೇಳುವುದು ಯಾರಿಗೆ? ಯಾಜಕರಿಗೆ. ಕುಂಟು ಪಶು, ರೋಗದ ಪಶು ತಂದು ಬಲಿ ಕೊಡುತ್ತಿದ್ದ ದೇವಾಲಯದವರಿಗೆ. ಆಮೋಸ 4:1ರಲ್ಲಿ ಬಾಷಾನಿನ ಹಸುಗಳೇ ಅಂತ ಕರೆಸಿಕೊಂಡವರು ಬಡವರನ್ನು ಹಿಂಡಿ, ಕುಡಿಯೋದಕ್ಕೆ ತಗೊಂಡು ಬನ್ನಿ ಅಂತ ಗಂಡಂದಿರಿಗೆ ಹೇಳುತ್ತಿದ್ದ ಸಮಾರ್ಯದ ಶ್ರೀಮಂತ ಹೆಂಗಸರು. ಯೇಸು ನರಿ ಅಂದದ್ದು ಅಧಿಕಾರದಲ್ಲಿದ್ದ ಹೆರೋದನಿಗೆ, ಲೂಕ 13:32. ಸುಣ್ಣ ಬಳಿದ ಸಮಾಧಿ, ಹಾವಿನ ಸಂತಾನ ಅನ್ನುವ ಮಾತುಗಳು ಮತ್ತಾಯ 23ರಲ್ಲಿ ಬಿದ್ದದ್ದು ಶಾಸ್ತ್ರಿಗಳ ಮೇಲೆ, ಫರಿಸಾಯರ ಮೇಲೆ.

ಈಗ ಇನ್ನೊಂದು ಕಡೆ ನೋಡಿ. ಸುಖರೆಂಬ ಊರಿನ ಬಾವಿಯ ಹತ್ತಿರ ಸಿಕ್ಕ ಸಮಾರ್ಯದ ಹೆಂಗಸಿಗೆ ಐದು ಜನ ಗಂಡಂದಿರಿದ್ದರು, ಈಗಿರುವವನು ಗಂಡನಲ್ಲ. ಯೇಸು ಅದನ್ನು ಹೇಳಿದರು, ಮುಚ್ಚಲಿಲ್ಲ. ಆದರೆ ಅವಳಿಗೆ ಒಂದು ಹೆಸರಿಟ್ಟು ಕರೆಯಲಿಲ್ಲ. ಸೀಮೋನನ ಮನೆಯಲ್ಲಿ ಕಾಲು ತೊಳೆದವಳಿಗೂ ಇಡಲಿಲ್ಲ. ವ್ಯಭಿಚಾರದಲ್ಲಿ ಸಿಕ್ಕಿಬಿದ್ದವಳಿಗೂ ಇಡಲಿಲ್ಲ. ಬಿದ್ದವರಿಗೆ ಆ ಬಾಯಿಂದ ಒಂದೇ ಒಂದು ಬೈಗುಳ ಬರಲಿಲ್ಲ. ಮತ್ತಾಯ 15ರಲ್ಲಿ ಕಾನಾನ್ಯ ಹೆಂಗಸಿಗೆ ಹೇಳಿದ ನಾಯಿಮರಿಯ ಮಾತು ಇದೆಯಲ್ಲ ಅಂತ ಯಾರಾದರೂ ಕೇಳಬಹುದು. ಹೌದು, ಇದೆ, ಓದುವಾಗ ನನಗೂ ಕಷ್ಟವಾಗುವ ವಾಕ್ಯ ಅದು. ಆದರೆ ಆ ಮಾತುಕತೆ ಮುಗಿಯುವುದು "ಅಮ್ಮಾ, ನಿನ್ನ ನಂಬಿಕೆ ಬಹಳ" ಅನ್ನುವಲ್ಲಿ. ಅವಳ ಮಗಳು ಗುಣವಾಗುತ್ತಾಳೆ. ಆ ವಾಕ್ಯ ತೆಗೆದರೆ 28ನೇ ವಚನದ ತನಕ ಓದದೆ ನಿಲ್ಲಿಸಬೇಡಿ.

ಪೌಲನ ವಿಷಯಕ್ಕೆ ಬಂದರೆ, ಫಿಲಿಪ್ಪಿ 3:8 ಎಲ್ಲರೂ ಎಳೆದಾಡುವ ವಚನ. ನಮ್ಮ ಸತ್ಯವೇದದಲ್ಲಿ ಕಸ ಅಂತಿದೆ, ಮೂಲದ ಗ್ರೀಕ್ ಪದ ಎಂಜಲಿಗೂ ಮಲಕ್ಕೂ ಸಲ್ಲುತ್ತದೆ. ಎಷ್ಟು ಕೆಟ್ಟ ಪದ ಅನ್ನುವ ಚರ್ಚೆಯಲ್ಲೇ ಜನ ಗಂಟೆಗಟ್ಟಲೆ ಕಳೆಯುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಅವನು ಯಾವುದನ್ನು ಹಾಗೆ ಕರೆದ ಅನ್ನುವುದು. 5ನೇ ವಚನ ನೋಡಿ: ಇಸ್ರಾಯೇಲ ಜನ, ಬೆನ್ಯಾಮೀನನ ಕುಲ, ಇಬ್ರಿಯರಿಂದ ಹುಟ್ಟಿದ ಇಬ್ರಿಯ. ತನ್ನ ಸ್ವಂತ ಕುಲ, ತನ್ನ ಹುಟ್ಟಿನ ಹೆಚ್ಚುಗಾರಿಕೆ, ತನ್ನ ಆಚಾರದ ಅಚ್ಚುಕಟ್ಟು, ಇದನ್ನೆಲ್ಲ ಕಸದ ಗುಂಡಿಗೆ ಹಾಕಿದ. ದೀಕ್ಷಾಸ್ನಾನ ತಗೊಂಡ ಮೇಲೂ ಮದುವೆ ಮಾತು ಬಂದಾಗ "ಅವರು ಯಾವ ಜನ?" ಅಂತ ಕೇಳುವ ನಮ್ಮ ಸಭೆಗಳಲ್ಲಿ ಈ ವಚನಕ್ಕೆ ಬೇಕಾದಷ್ಟು ಕೆಲಸ ಇದೆ. ಧೈರ್ಯವಾಗಿ ಹೇಳಿ. ಅಲ್ಲಿ ಮಾತು ಒರಟಾದರೂ ನಾನು ನಿಮ್ಮ ಪರ.

ಹಾಗಾದರೆ ಲೆಕ್ಕ ಸರಳ. ನೀವು ತಯಾರು ಮಾಡಿದ ಪ್ರಸಂಗದಲ್ಲಿ ಒರಟು ಮಾತು ನಿಮ್ಮ ಮೇಲೆ, ನಿಮ್ಮ ಹಾಗೆ ಮೈಕ್ ಹಿಡಿದವರ ಮೇಲೆ, ಹಣ ಅಧಿಕಾರ ಇರುವವರ ಮೇಲೆ ಬೀಳುತ್ತಾ? ಮುಂದುವರಿಯಿರಿ. ಮುಂದಿನ ಸಾಲಿನಲ್ಲಿ ಜಮಖಾನದ ಮೇಲೆ ಕೂತ ವಿಧವೆ ಮೇಲೆ, ಕುಡಿತ ಬಿಡಲಾಗದೆ ಒದ್ದಾಡುತ್ತಿರುವ ಹುಡುಗನ ಮೇಲೆ, ಗಂಡ ಬಿಟ್ಟುಹೋದ ಹೆಣ್ಣುಮಗಳ ಮೇಲೆ ಬೀಳುತ್ತಾ? ಆ ಸಾಲನ್ನು ಹೊಡೆದುಹಾಕಿ.

ಓದಬೇಕಾ, ವಿವರಿಸಬೇಕಾ, ಎರಡೂ ಬೇಡವಾ

ಇದನ್ನು ಯೋಚಿಸಿದವರಲ್ಲಿ ನಾವೇ ಮೊದಲಿನವರಲ್ಲ. ಯೆಹೂದ್ಯರ ಸಭಾಮಂದಿರಗಳಲ್ಲಿ ಹೀಬ್ರೂ ಓದಿದ ಮೇಲೆ ಜನರ ಭಾಷೆಯಲ್ಲಿ ಹೇಳುವುದಕ್ಕೆ ಒಬ್ಬರು ಪಕ್ಕದಲ್ಲಿ ನಿಲ್ಲುತ್ತಿದ್ದರು. ಕ್ರಿ.ಶ. 200ರ ಸುಮಾರಿಗೆ ಒಟ್ಟುಗೂಡಿದ, ಯೆಹೂದ್ಯರ ನಿಯಮಗಳ ಗ್ರಂಥವಾದ ಮಿಶ್ನಾದಲ್ಲಿ ಇದಕ್ಕೆ ನಿಯಮವೇ ಇದೆ. ರೂಬೇನನ ಸಂಗತಿಯನ್ನು ಓದಬೇಕು, ಆದರೆ ಜನರ ಭಾಷೆಯಲ್ಲಿ ಹೇಳುವುದು ಬೇಡ. ಯೆಹೂದ ಮತ್ತು ತಾಮಾರಳ ಕಥೆಯನ್ನು ಓದಬೇಕು, ಹೇಳಲೂ ಬೇಕು. ರೂಬೇನನ ವಿಷಯ, ಅಂದರೆ ಆದಿಕಾಂಡ 35:22ರಲ್ಲಿ ಅವನು ತಂದೆಯ ಉಪಪತ್ನಿಯ ಜೊತೆ ಮಲಗಿದ್ದು, ಒಂದು ಮನೆಯ ಅವಮಾನ, ಅದನ್ನು ಬಿಡಿಸಿ ಹೇಳಿದರೆ ಯಾರಿಗೂ ಏನೂ ಸಿಗುವುದಿಲ್ಲ. ತಾಮಾರಳ ಕಥೆಯಲ್ಲಿ ಯೆಹೂದ ಎಲ್ಲರ ಎದುರು "ಅವಳು ನನಗಿಂತ ನೀತಿವಂತಳು" ಅಂತ ತಪ್ಪು ಒಪ್ಪಿಕೊಳ್ಳುತ್ತಾನೆ, ಅದನ್ನು ಜನ ಕೇಳಲೇಬೇಕು. ನಿಯಮ ಇಟ್ಟವರು ಕಾರಣ ಬರೆದಿಲ್ಲದಿದ್ದರೂ ನನಗೆ ಕಾಣುವುದು ಇಷ್ಟು.

ಅವರು ಇನ್ನೂ ಒಂದು ಕೆಲಸ ಮಾಡಿದರು. ಮೇಲೆ ಹೇಳಿದ ರಬ್ಷಾಕೆಯ ಮಾತು, ಧರ್ಮೋಪದೇಶಕಾಂಡ 28:30, ಇಂಥ ಕೆಲವು ಕಡೆ ಬರೆದ ಪದವನ್ನು ಒಂದಕ್ಷರ ಬದಲಿಸದೆ ಹಾಗೇ ಉಳಿಸಿ, ಗಟ್ಟಿಯಾಗಿ ಓದುವಾಗ ಮಾತ್ರ ಅದರ ಬದಲು ಮೆತ್ತಗಿನ ಪದ ಓದುವ ಪದ್ಧತಿ ಇಟ್ಟರು. ಗ್ರಂಥ ತಿದ್ದಲಿಲ್ಲ, ಕಿವಿಗೆ ಮರ್ಯಾದೆ ಕೊಟ್ಟರು. ನಮಗೂ ಇದು ನಡೆಯುತ್ತದೆ.

ಹಾಗಾಗಿ ನಾನು ಹೇಳುವುದು, ಪ್ರತಿ ಭಾಗಕ್ಕೂ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ. ಯೆಹೆಜ್ಕೇಲ 16 ಓದಬಹುದು, ವಿವರಿಸಲೂಬಹುದು. ಯೆಹೆಜ್ಕೇಲ 23:20ರಲ್ಲಿ ಕತ್ತೆ ಕುದುರೆಗಳ ಹೋಲಿಕೆ ಬರುತ್ತದೆ, ಅದನ್ನು ಭಾನುವಾರದ ಆರಾಧನೆಯಲ್ಲಿ ಬಿಡಿಸಿ ಹೇಳುವ ಅಗತ್ಯ ನನಗೆ ಯಾವತ್ತೂ ಕಂಡಿಲ್ಲ, ದೊಡ್ಡವರ ಬೈಬಲ್ ಸ್ಟಡಿಯಲ್ಲಿ ಯಾರಾದರೂ ಕೇಳಿದರೆ ನೇರವಾಗಿ ಉತ್ತರ ಕೊಡಿ. ಗಲಾತ್ಯ 5:12, ಸುನ್ನತಿಗೆ ಒತ್ತಾಯ ಮಾಡುವವರು ಅಂಗಚ್ಛೇದನವನ್ನೇ ಮಾಡಿಕೊಳ್ಳಲಿ ಅನ್ನುವ ಪೌಲನ ಮಾತು, ಓದಿ, ಅವನಿಗೆ ಎಷ್ಟು ನೋವಾಗಿತ್ತು ಅಂತ ಒಂದು ವಾಕ್ಯದಲ್ಲಿ ಹೇಳಿ, ಮುಂದೆ ಹೋಗಿ. ಅಲ್ಲಿ ನಗಿಸುವ ಪ್ರಯತ್ನ ಬೇಡ. ಎಫೆಸ 5:4 ಬೇಡ ಅನ್ನುವುದು ಹೊಲಸು ಮಾತನ್ನು ಮಾತ್ರ ಅಲ್ಲ, ಕುಚೋದ್ಯವನ್ನೂ.

ತೀರ್ಮಾನ ಸರಿಯಾ ಅಂತ ತಿಳಿಯೋದಕ್ಕೆ ಸುಲಭದ ದಾರಿ ಇದೆ. ಶನಿವಾರ ಸಂಜೆ ಆ ಭಾಗವನ್ನು ಮನೆಯಲ್ಲಿ ತಾಯಿಯ ಎದುರು, ಅಥವಾ ಹೆಂಡತಿಯ ಎದುರು, ಗಟ್ಟಿಯಾಗಿ ಓದಿ. ಮನಸ್ಸಿನಲ್ಲಿ ಓದಿದರೆ ಏನೂ ಗೊತ್ತಾಗುವುದಿಲ್ಲ. ಬಾಯಿ ಎಲ್ಲಿ ತಡವರಿಸುತ್ತದೋ ಅಲ್ಲಿ ಗುರುತು ಹಾಕಿ. ಕೇಳಿದವರನ್ನು "ಎಲ್ಲಿ ಮುಜುಗರ ಆಯ್ತು?" ಅಂತ ಕೇಳಿ, ಅವರು ಹೇಳಿದ್ದನ್ನು ವಾದ ಮಾಡದೆ ಬರೆದುಕೊಳ್ಳಿ.

ಒಂದು ಉದಾಹರಣೆ ಪೂರ್ತಿ ನೋಡೋಣ

ಯೆಹೆಜ್ಕೇಲ 16. ದೊಡ್ಡ ಅಧ್ಯಾಯ, ಕಷ್ಟದ ಅಧ್ಯಾಯ. ಸಾಮಾನ್ಯವಾಗಿ ಮಾಡುವ ತಪ್ಪು ಅಂದರೆ ನೇರ 15ನೇ ವಚನಕ್ಕೆ ಹಾರುವುದು, ಸೂಳೆತನ ಅನ್ನುವ ಮಾತನ್ನು ಹಿಡಿದುಕೊಂಡು ಅರ್ಧ ಗಂಟೆ ಹೆಂಗಸರ ಬಟ್ಟೆ, ಮೊಬೈಲು, ನಡತೆ ಬಗ್ಗೆ ಕೂಗುವುದು. ಅಧ್ಯಾಯ ಹೇಳುತ್ತಿರುವುದು ಅದಲ್ಲವೇ ಅಲ್ಲ.

ಅದು ಶುರುವಾಗುವುದು ಒಂದು ಕೂಸಿನಿಂದ. ಹುಟ್ಟಿದ ದಿನ ಹೊಕ್ಕುಳು ಕೊಯ್ಯಲಿಲ್ಲ, ನೀರಿನಲ್ಲಿ ತೊಳೆಯಲಿಲ್ಲ, ಉಪ್ಪು ಸವರಲಿಲ್ಲ, ಬಟ್ಟೆ ಸುತ್ತಲಿಲ್ಲ. ಬಯಲಿನಲ್ಲಿ ಬಿಸಾಡಿದರು. ದೇವರು ಆ ದಾರಿಯಲ್ಲಿ ಬಂದು, ರಕ್ತದಲ್ಲಿ ಹೊರಳಾಡುತ್ತಿದ್ದ ಕೂಸನ್ನು ನೋಡಿ, "ಬದುಕು" ಅಂದ. ಅವಳು ಬೆಳೆದ ಮೇಲೆ ಅವಳನ್ನೇ ಹೆಂಡತಿಯಾಗಿ ಮಾಡಿಕೊಂಡ. ಆಮೇಲೆ ಸ್ನಾನ, ಎಣ್ಣೆ, ಕಸೂತಿ ಬಟ್ಟೆ, ಬಳೆ, ಮೂಗುತಿ, ಗೋದಿಹಿಟ್ಟು, ಜೇನು. ಇಷ್ಟಾದ ಮೇಲೆ ದ್ರೋಹದ ಮಾತು ಬರುವುದು. ಮೊದಲ 14 ವಚನ ಓದದೆ 15ನೆಯದನ್ನು ಓದಿದವರಿಗೆ ಅಲ್ಲಿರುವುದು ಬೈಗುಳ ಅನ್ನಿಸುತ್ತದೆ. ಓದಿದವರಿಗೆ ಅದು ಎದೆ ಒಡೆದವನ ಅಳು ಅಂತ ಗೊತ್ತಾಗುತ್ತದೆ.

ಇಲ್ಲಿ ಹೆಂಡತಿ ಅಂದರೆ ಯಾರು? ಯೆರೂಸಲೇಮ್. ಇಡೀ ಪಟ್ಟಣ, ಅದರ ಅರಸರು, ಹಿರಿಯರು, ಯಾಜಕರು. ಅಂದರೆ ಆ ಮಾತು ಕೇಳಿಸಿಕೊಂಡು ತಲೆ ತಗ್ಗಿಸಬೇಕಾದವರು ಮುಖ್ಯವಾಗಿ ಗಂಡಸರು. 49ನೇ ವಚನದಲ್ಲಿ ಸೊದೋಮಿನ ದೋಷ ಏನು ಅಂತ ಬರೆದಿದೆ: ಗರ್ವ, ಹೊಟ್ಟೆ ತುಂಬ ಊಟ, ಸುಖವಾದ ನೆಮ್ಮದಿ, ಆದರೂ ಬಡವರಿಗೆ ದಿಕ್ಕಿಲ್ಲದವರಿಗೆ ಕೈ ಕೊಡಲಿಲ್ಲ. ಅಧ್ಯಾಯ ಮುಗಿಯುವುದು 60ನೇ ವಚನದ ಶಾಶ್ವತ ಒಡಂಬಡಿಕೆಯ ಕಡೆಗೆ.

ಇದನ್ನು ಸಭೆಯಲ್ಲಿ ಹೇಗೆ ಹೇಳಬಹುದು ಅಂತ ಕೇಳಿದರೆ, ಸುಮಾರಾಗಿ ಹೀಗೆ:

"ಪ್ರಿಯರೇ, ಇವತ್ತಿನ ಭಾಗದಲ್ಲಿ ಕಿವಿಗೆ ಕಷ್ಟವಾಗುವ ಮಾತು ಇದೆ. ಅದನ್ನು ಓದುತ್ತೇನೆ, ಯಾಕಂದರೆ ದೇವರು ತನ್ನ ನೋವನ್ನು ಹಾಗೇ ಹೇಳಿಕೊಂಡಿದ್ದಾನೆ. ಇದು ನಮ್ಮ ಸಭೆಯ ಯಾವ ಅಕ್ಕನಿಗೂ ತಂಗಿಗೂ ಹೇಳಿದ ಮಾತಲ್ಲ. ಇದು ದೇವಾಲಯ ಇದ್ದ ಪಟ್ಟಣಕ್ಕೆ, ಅದರ ಹಿರಿಯರಿಗೆ ಹೇಳಿದ ಮಾತು. ಇವತ್ತು ಅದು ಮೊದಲು ನನಗೆ, ಆಮೇಲೆ ಈ ಮುಂದಿನ ಕುರ್ಚಿಗಳಲ್ಲಿ ಕೂತಿರುವ ನಮಗೆಲ್ಲ."

ಇಷ್ಟು ಹೇಳಿ ಓದಿ. ಇನ್ನೊಂದು ಮಾತನ್ನೂ ಬಿಡದೆ ಸೇರಿಸಿ. ಈ ಅಧ್ಯಾಯದಲ್ಲಿ, 23ರಲ್ಲಿ, ಹೋಶೇಯ 2ರಲ್ಲಿ ಹೆಂಡತಿಗೆ ಶಿಕ್ಷೆಯ ಮಾತು ಬರುತ್ತದೆ. ಮನೆಯಲ್ಲಿ ಕೈ ಮಾಡುವ ಗಂಡ ಒಬ್ಬ ಹಿಂದಿನ ಸಾಲಿನಲ್ಲಿ ಕೂತಿರಬಹುದು, ಅವನ ಏಟು ತಿಂದವಳು ಈ ಕಡೆ ಕೂತಿರಬಹುದು. "ಹೆಂಡತಿಗೆ ಹೊಡೆಯೋದಕ್ಕೆ ಇಲ್ಲಿ ಯಾವ ಗಂಡಸಿಗೂ ಅಪ್ಪಣೆ ಇಲ್ಲ" ಅಂತ ಮೈಕಿನಲ್ಲಿ, ಅದೇ ಉಸಿರಿನಲ್ಲಿ, ಸ್ಪಷ್ಟವಾಗಿ ಹೇಳಿ. ಇದನ್ನು ಹೇಳುವ ಧೈರ್ಯ ಇಲ್ಲದಿದ್ದರೆ ಆ ಅಧ್ಯಾಯ ಮುಟ್ಟಬೇಡಿ ಅಂತಲೇ ನಾನು ಹೇಳುತ್ತೇನೆ.

ಇದೇ ಪ್ರವಾದಿಯ 4ನೇ ಅಧ್ಯಾಯ ನಮ್ಮ ಕಡೆ ಬಹಳ ಸುಲಭ. ಮನುಷ್ಯರ ಮಲ ಉರಿಸಿ ಅದರ ಮೇಲೆ ರೊಟ್ಟಿ ಸುಡು ಅಂತ ಮೊದಲು ಅಪ್ಪಣೆ ಆಗುತ್ತದೆ, ಯೆಹೆಜ್ಕೇಲ ಅಯ್ಯೋ ಅನ್ನುತ್ತಾನೆ, ದೇವರು ಒಪ್ಪಿ ಸಗಣಿ ಬಳಸು ಅನ್ನುತ್ತಾನೆ. ಪಟ್ಟಣದ ಜನಕ್ಕೆ ಇದು ಅಸಹ್ಯದ ಕಥೆ. ಶಿಡ್ಲಘಟ್ಟ, ಗೌರಿಬಿದನೂರು, ಪಾವಗಡದ ಹಳ್ಳಿಗಳಲ್ಲಿ ಗೋಡೆಗೆ ಬೆರಣಿ ತಟ್ಟಿದ ಹೆಂಗಸರು ಸಭೆಯಲ್ಲೇ ಕೂತಿರುತ್ತಾರೆ, ಬೆರಣಿ ಒಲೆಯ ರೊಟ್ಟಿ ಅವರಿಗೆ ದಿನದ ಊಟ. ಅವರಿಗೆ ಆಶ್ಚರ್ಯ ಆಗುವುದು ಮೊದಲಿನ ಅಪ್ಪಣೆ ಮಾತ್ರ. ಮುತ್ತಿಗೆಯಲ್ಲಿ ದನಗಳೇ ಸತ್ತು ಸೌದೆಯೂ ಮುಗಿದರೆ ಊರಿನ ಗತಿ ಏನು ಅಂತ ಅಲ್ಲಿಂದ ಮುಂದೆ ಹೇಳಿ. ಮಲ ಅನ್ನುವ ಪದ ಹೇಳೋದಕ್ಕೆ ನಾಚಬೇಕಾಗಿಲ್ಲ.

ನಮ್ಮ ಊರಿನ ಕಿವಿ

ಹಳೆಯ ಸತ್ಯವೇದದಲ್ಲಿ ಮತ್ತಾಯ 15:11, ಬಾಯೊಳಗಿಂದ ಹೊರಡುವುದೇ ಮನುಷ್ಯನನ್ನು 'ಹೊಲೆಮಾಡುವದು' ಅಂತಿದೆ. ಅನುವಾದ ಮಾಡಿದವರಿಗೆ ಅದು ಅಶುದ್ಧ ಅಂತಷ್ಟೇ. ಆದರೆ ನಮ್ಮ ಮೂರು ಜಿಲ್ಲೆಗಳ ಸಭೆಗಳಲ್ಲಿ ಕೂತಿರುವ ಎಷ್ಟೋ ಕುಟುಂಬಗಳನ್ನು ಊರಿನವರು ಇದೇ ಪದದಿಂದ ಬಾವಿಯ ಹತ್ತಿರ, ಹೋಟೆಲಿನ ಹತ್ತಿರ ದೂರ ನಿಲ್ಲಿಸಿದ್ದಾರೆ. ಅವರಲ್ಲಿ ಅನೇಕರ ಅಜ್ಜ ಅಜ್ಜಿ ಸಭೆಗೆ ಬಂದದ್ದೇ ಆ ಮಾತಿನಿಂದ ಬಿಡುಗಡೆ ಬೇಕು ಅಂತ. ದೇವರ ಪೀಠದ ಮೇಲಿಂದಲೂ ಅದೇ ಪದ ಕೇಳಿಸಿದರೆ ಅವರು ಎಲ್ಲಿಗೆ ಹೋಗಬೇಕು ಹೇಳಿ? ಹೊಸ ಅನುವಾದಗಳಲ್ಲಿ ಅಶುದ್ಧ ಅಂತಿದೆ, ಅದನ್ನೇ ಓದಿ. ಹಳೆಯ ಪುಸ್ತಕವೇ ಕೈಯಲ್ಲಿದ್ದರೆ ಪೆನ್ಸಿಲಿನಲ್ಲಿ ಪಕ್ಕಕ್ಕೆ ಬರೆದಿಟ್ಟುಕೊಳ್ಳಿ, ಓದುವ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಇದು ಸೂಕ್ಷ್ಮದ ಮಾತು ಮಾತ್ರ ಅಲ್ಲ, ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿಯ ಹೆಸರು ಹಿಡಿದು ಸಾರ್ವಜನಿಕವಾಗಿ ಬೇಕಂತಲೇ ಅವಮಾನ ಮಾಡುವುದು 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅಪರಾಧ ಕೂಡ.

ಯೆಹೋಶುವ 2ರಲ್ಲಿ ಬರುವ ರಾಹಾಬಳ ವಿಷಯವೂ ಹೀಗೇ. ಹಳೆಯ ಸತ್ಯವೇದ ಸೂಳೆ ಅನ್ನುತ್ತದೆ, ಅದನ್ನು ವಾಕ್ಯ ಓದುವಾಗ ಒಮ್ಮೆ ಓದಿ. ಪ್ರಸಂಗದುದ್ದಕ್ಕೂ ಅವಳನ್ನು ರಾಹಾಬಳು ಅಂತಲೇ ಕರೆಯಿರಿ. ಮತ್ತಾಯ 1:5ರಲ್ಲಿ ಯೇಸುವಿನ ವಂಶಾವಳಿಯಲ್ಲಿ ಅವಳಿಗೆ ಇರುವುದು ಬರೀ ಹೆಸರು.

ಯೆಶಾಯ 64:6ರ ಕೊಳೆ ಬಟ್ಟೆಯ ಮಾತು ಇದೆಯಲ್ಲ, ಅದು ಮುಟ್ಟಿನ ಬಟ್ಟೆ. ಇದನ್ನು ಹೇಳಿ ಮುಖ ಸಿಂಡರಿಸುವ ಬೋಧಕರಿದ್ದಾರೆ. ಮುಟ್ಟಾದ ಹೆಣ್ಣುಮಕ್ಕಳನ್ನು ಊರಾಚೆ ಇಡುವ ಪದ್ಧತಿ ಕಾಡುಗೊಲ್ಲರ ಹಟ್ಟಿಗಳಲ್ಲಿ ಇರುವ ತುಮಕೂರು ಜಿಲ್ಲೆಯಲ್ಲಿ ನಿಂತು, ಹಾಗೆ ಮುಖ ಮಾಡಬೇಡಿ ದಯವಿಟ್ಟು. ಅಲ್ಲಿ ಹೇಳಿರುವುದು ನಮ್ಮ ನೀತಿಕ್ರಿಯೆಗಳ ಬಗ್ಗೆ, ಹೆಂಗಸರ ಮೈ ಬಗ್ಗೆ ಅಲ್ಲ. ಹೇಳಲೇಬೇಕಾದರೆ ಮಾರ್ಕ 5ರ ಹನ್ನೆರಡು ವರ್ಷ ರಕ್ತಸ್ರಾವ ಇದ್ದವಳನ್ನೂ ಜೊತೆಗೆ ತನ್ನಿ. ಅವಳು ಮುಟ್ಟಿದಾಗ ಯೇಸು ದೂರ ಸರಿಯಲಿಲ್ಲ, "ಮಗಳೇ" ಅಂದರು.

ಭಾಷೆಗಳ ವಿಷಯ. ಕೋಲಾರ ಜಿಲ್ಲೆಯಲ್ಲಿ ಒಂದೇ ಸಭೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಇರುತ್ತವೆ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಕೆಜಿಎಫ್‌ನಲ್ಲಿ ತಮಿಳು ಸಭೆಗಳು ಉಳಿದಿವೆ, ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ, ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ ಮನೆಮಾತೇ ತೆಲುಗು. ತಮಿಳು ಹಳೆಯ ಬೈಬಲಿನಲ್ಲಿ ಮತ್ತಾಯ 10:30, ತಲೆಕೂದಲೆಲ್ಲ ಎಣಿಕೆಯಾಗಿದೆ ಅನ್ನುವಲ್ಲಿ, ಕೂದಲಿಗೆ 'ಮಯಿರ್' ಅಂತಿದೆ. ಶುದ್ಧವಾದ ಹಳೆಯ ಪದ. ಬೀದಿಯಲ್ಲಿ ಅದೇ ಬೈಗುಳ. ಓದಿದ ಕೂಡಲೇ ಹಿಂದೆ ಕೂತ ಹುಡುಗರು ಕಿಸಕ್ ಅನ್ನುತ್ತಾರೆ, ಅಷ್ಟು ಒಳ್ಳೆಯ ವಾಗ್ದಾನ ಅಲ್ಲೇ ಹೋಯಿತು. ಹಾಗಾಗಿ ನಿಮಗೆ ಅನುವಾದಕರಿದ್ದರೆ ಆರಾಧನೆಗೆ ಮುಂಚೆ ಅರ್ಧ ಗಂಟೆ ಅವರ ಜೊತೆ ಕೂತು ಕಷ್ಟದ ವಚನಗಳನ್ನು ತೋರಿಸಿ. ಮೈಕಿನ ಎದುರು ನಿಂತ ಮೇಲೆ ಅವರಿಗೆ ಯೋಚನೆ ಮಾಡೋದಕ್ಕೆ ಸಮಯ ಇರುವುದಿಲ್ಲ, ಬಾಯಿಗೆ ಮೊದಲು ಬಂದ ಪದ ಬಂದುಬಿಡುತ್ತದೆ, ಮತ್ತು ಬೋಧಕರು ಹೇಳಿದ್ದಕ್ಕಿಂತ ಎರಡರಷ್ಟು ಖಾರವಾಗಿ ಬರುತ್ತದೆ.

ಬೈಬಲಿನಲ್ಲಿ ಇಲ್ಲದ, ನಾವೇ ಸೇರಿಸುವ ಮಾತುಗಳದ್ದು ಇನ್ನೂ ದೊಡ್ಡ ತೊಂದರೆ. ಮುಂಡೇದು, ಮುಂಡೇಮಗ ಅನ್ನುವುದು ನಮ್ಮ ಕಡೆ ಪ್ರೀತಿಗೂ ಬರುತ್ತದೆ, ಸಿಟ್ಟಿಗೂ ಬರುತ್ತದೆ. ಅನ್ನುವವರಿಗೆ ಅದು ಬೈಗುಳ ಅಂತಲೇ ಅನ್ನಿಸಿರುವುದಿಲ್ಲ. ಆದರೆ ಮುಂಡೆ ಅಂದರೆ ಗಂಡ ಸತ್ತವಳು. ವಿಧವೆಯರನ್ನು ಬಾಧಿಸಬೇಡಿ ಅಂತ ವಿಮೋಚನಕಾಂಡ 22 ಕೂಗುತ್ತದೆ, ಅವರನ್ನು ಸನ್ಮಾನಿಸು ಅಂತ 1 ತಿಮೊಥೆಯ 5 ಹೇಳುತ್ತದೆ, ಶುದ್ಧ ಭಕ್ತಿ ಅಂದರೆ ಅವರನ್ನು ಪರಾಮರಿಸುವುದು ಅಂತ ಯಾಕೋಬ 1:27 ಹೇಳುತ್ತದೆ. ಆ ಯಾಕೋಬನ ಪತ್ರಿಕೆಯನ್ನೇ ಕೈಯಲ್ಲಿ ಹಿಡಿದು, ಉದಾಹರಣೆ ಕಥೆಯಲ್ಲಿ "ಆ ಮುಂಡೇಮಗ ಏನು ಮಾಡಿದ ಗೊತ್ತಾ" ಅನ್ನುವ ಬೋಧಕರಿಗೆ ಯಾರಾದರೂ ಹೇಳಲೇಬೇಕು. ಎದ್ದು ನಿಂತು ಹೇಳುವುದು ಬೇಡ, ಊಟದ ಹೊತ್ತಿನಲ್ಲಿ ಪಕ್ಕಕ್ಕೆ ಕರೆದು ಹೇಳಿ.

ಪಕ್ಕದ ಮನೆಯ ದೇವರು

ಎಲೀಯನು ಕರ್ಮೆಲಿನಲ್ಲಿ ಬಾಳನನ್ನು ಹಾಸ್ಯ ಮಾಡಿದ, ಯೆಹೆಜ್ಕೇಲ ವಿಗ್ರಹಗಳಿಗೆ ಹೊಲಸು ಹೆಸರಿಟ್ಟ, ನಾವೂ ಹಾಗೇ ಮಾಡೋಣ ಅಂತ ಕೆಲವರು ಬಯಲಿನ ಸಭೆಗಳಲ್ಲಿ ಶುರು ಮಾಡುತ್ತಾರೆ. ಇದಕ್ಕೆ ನಾನು ಪೂರ್ತಿ ವಿರೋಧ. ಆ ಪ್ರವಾದಿಗಳು ಮಾತಾಡಿದ್ದು ತಮ್ಮದೇ ಜನಕ್ಕೆ, ಒಡಂಬಡಿಕೆ ಮಾಡಿಕೊಂಡು ಅದನ್ನು ಮುರಿದ ಇಸ್ರಾಯೇಲಿಗೆ. ಪೌಲ ಬೇರೆಯವರ ಊರಿಗೆ ಹೋದಾಗ ಹೇಗಿದ್ದ? ಎಫೆಸದಲ್ಲಿ ಅಷ್ಟು ದೊಡ್ಡ ಗಲಾಟೆ ಆದಾಗ ಪಟ್ಟಣದ ಅಧಿಕಾರಿಯೇ ಎದ್ದು, ಈ ಜನ ದೇವಸ್ಥಾನ ದೋಚಿದವರಲ್ಲ, ನಮ್ಮ ದೇವಿಯನ್ನು ದೂಷಿಸಿದವರೂ ಅಲ್ಲ ಅಂತ ಹೇಳುತ್ತಾನೆ, ಅಪೊಸ್ತಲರ ಕೃತ್ಯಗಳು 19:37. ಅಂಥ ಸಾಕ್ಷಿಯನ್ನು ಕೋಲಾರಮ್ಮನ ಊರಿನವರು ನಮ್ಮ ಬಗ್ಗೆ ಹೇಳುವ ಹಾಗಿರಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ 299 ಮತ್ತು 302ನೇ ಕಲಂಗಳು ಬೇಕಂತಲೇ ಧಾರ್ಮಿಕ ಭಾವನೆ ನೋಯಿಸುವುದನ್ನು ಅಪರಾಧ ಅನ್ನುತ್ತವೆ. ಆದರೆ ಕಾನೂನಿಗೆ ಹೆದರಿ ಸುಮ್ನಿರಬೇಕು ಅಂತ ನಾನು ಹೇಳುತ್ತಿಲ್ಲ. ಪಕ್ಕದ ಮನೆಯವರು ಕೈ ಮುಗಿಯುವುದನ್ನು ಹೊಲಸು ಅಂದ ಬಾಯಿಂದ ಸುವಾರ್ತೆ ಕೇಳೋದಕ್ಕೆ ಯಾರೂ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ.

ಒರಟು ಮಾತು ಎಲ್ಲಿಯ ತನಕ ಹೋಗಬಹುದು ಅನ್ನುವುದಕ್ಕೆ ಸಭಾಚರಿತ್ರೆಯಲ್ಲೇ ನೋವಿನ ಉದಾಹರಣೆಗಳಿವೆ. ನಾಲ್ಕನೇ ಶತಮಾನದ ಹೆಸರಾಂತ ಬೋಧಕ ಕ್ರಿಸೊಸ್ತೋಮ್ ಎಫೆಸ ಪತ್ರಿಕೆಯ ಮೇಲೆ ಪ್ರಸಂಗ ಮಾಡುವಾಗ ಹೊಲಸು ಮಾತಿನ ವಿರುದ್ಧ ಅಷ್ಟು ಚೆನ್ನಾಗಿ ಹೇಳಿದವನು. ಅವನೇ ಅಂತಿಯೋಕ್ಯದಲ್ಲಿ 386, 387ರಲ್ಲಿ ಯೆಹೂದ್ಯರನ್ನು ಪ್ರಾಣಿಗಳಿಗೆ ಹೋಲಿಸಿ ಮಾತಾಡಿದ. ಜರ್ಮನಿಯ ಸುಧಾರಕ ಲೂಥರ್ ಮೊದಮೊದಲು ಅಧಿಕಾರದಲ್ಲಿದ್ದವರ ಮೇಲೆ ಒರಟು ಮಾತು ಎಸೆದ, 1543ರ ಹೊತ್ತಿಗೆ ಅದೇ ನಾಲಿಗೆ ಯೆಹೂದ್ಯರ ಸಭಾಮಂದಿರ ಸುಡಬೇಕು, ಮನೆ ಕೆಡವಬೇಕು ಅನ್ನುವ ತನಕ ಹೋಯಿತು. ಅವನ ಮಾತನ್ನು ನಾಜಿಗಳು ಸುಮಾರು 400 ವರ್ಷದ ನಂತರವೂ ಎತ್ತಿ ಬಳಸಿದರು.

ಉಳಿದ ಸಣ್ಣಪುಟ್ಟ

ಮಕ್ಕಳಿಗೆ ಬೇರೆ ಕೋಣೆ ಇರುವ ಸಭೆಗಳಲ್ಲಿ ಸಂಡೇ ಸ್ಕೂಲ್ ಟೀಚರಿಗೆ ಹಿಂದಿನ ದಿನವೇ ಹೇಳಿ, ಪ್ರಸಂಗ ಮುಗಿಯುವ ತನಕ ಅವರನ್ನು ಅಲ್ಲೇ ಇಟ್ಟುಕೊಳ್ಳಲಿ. ಹಳ್ಳಿಯ ಪ್ರೇಯರ್ ಹಾಲಿನಲ್ಲಿ ಇರುವುದೇ ಒಂದು ಕೋಣೆ, ಮಕ್ಕಳು ನಿಮ್ಮ ಕಾಲ ಹತ್ತಿರವೇ ಕೂತಿರುತ್ತಾರೆ. ಅಲ್ಲಿ ಕಷ್ಟದ ಭಾಗವನ್ನು ಉಪವಾಸ ಪ್ರಾರ್ಥನೆಯ ದಿನಕ್ಕೋ ದೊಡ್ಡವರ ಕೂಟಕ್ಕೋ ಇಟ್ಟುಕೊಳ್ಳುವುದೇ ವಾಸಿ. ಮಗು ಬಂದು "ಅಂಕಲ್, ಹಾದರ ಅಂದ್ರೇನು?" ಅಂತ ಕೇಳಿದರೆ ಗದರಿಸಬೇಡಿ. "ಮದುವೆಯಲ್ಲಿ ಕೊಟ್ಟ ಮಾತು ಮುರಿಯೋದು" ಅಂದರೆ ಸಾಕು.

ಮೊಬೈಲಿನಲ್ಲಿ ಲೈವ್ ಹಾಕುವವರಿದ್ದರೆ ಮುಂಚೆಯೇ ಮಾತಾಡಿಕೊಳ್ಳಿ. ನಲವತ್ತು ನಿಮಿಷದ ಪ್ರಸಂಗದಲ್ಲಿ ಒಂದು ವಚನವನ್ನು ಕತ್ತರಿಸಿ ಸ್ಟೇಟಸ್ ಹಾಕಿದರೆ ಅದರ ಹಿಂದೆ ಮುಂದೆ ಏನಿತ್ತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅಂಥ ಭಾಗದಲ್ಲಿ ನಿಮ್ಮ ವಿವರಣೆ ಮತ್ತು ವಚನ ಒಂದಕ್ಕೊಂದು ಅಂಟಿಕೊಂಡೇ ಇರಲಿ, ನಡುವೆ ಉಸಿರು ಬಿಡಬೇಡಿ.

ಇಷ್ಟೆಲ್ಲ ಮಾಡಿದ ಮೇಲೂ ಬಾಯಿ ಜಾರಬಹುದು. ಆಗ ಪೌಲನನ್ನು ನೋಡಿ. ಅಪೊಸ್ತಲರ ಕೃತ್ಯಗಳು 23ರಲ್ಲಿ ಅವನ ಬಾಯಿಗೆ ಹೊಡೆಯಿರಿ ಅಂದವನಿಗೆ "ಸುಣ್ಣ ಬಳಿದ ಗೋಡೆಯೇ" ಅಂತ ತಿರುಗಿ ಅಂದ. ಅವನು ಮಹಾಯಾಜಕ ಅಂತ ಪಕ್ಕದವರು ಹೇಳಿದ ಕೂಡಲೇ, ನನಗೆ ಗೊತ್ತಿರಲಿಲ್ಲ ಸಹೋದರರೇ, ಜನರ ಅಧಿಪತಿಯನ್ನು ಬೈಯಬಾರದು ಅಂತ ಬರೆದಿದೆ ಅಂತ ಅಲ್ಲೇ, ಅಷ್ಟು ಜನರ ಎದುರು ಹೇಳಿದ. ಮುಂದಿನ ವಾರಕ್ಕೆ ಇಟ್ಟುಕೊಳ್ಳಲಿಲ್ಲ. ನೀವೂ ಮೈಕ್ ಕೆಳಗಿಡುವ ಮುಂಚೆ ಹೇಳಿ: "ಆ ಮಾತು ನನ್ನದು, ವಾಕ್ಯದ್ದಲ್ಲ, ನೋವಾಗಿದ್ದರೆ ಕ್ಷಮಿಸಿ." ಆಮೇಲೆ ಯಾರಿಗೆ ತಾಗಿತು ಅಂತ ನಿಮಗೆ ಅನುಮಾನ ಇದೆಯೋ ಅವರ ಮನೆಗೆ ಆ ವಾರವೇ ಹೋಗಿ ಬನ್ನಿ. ಒಬ್ಬರೇ ಹೋಗಬೇಡಿ, ಸಭೆಯ ಹಿರಿಯ ಅಕ್ಕ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ, ಮತ್ತು ಅವರು ಮಾತಾಡುವಾಗ ನೀವು ವಚನ ಹೇಳಬೇಡಿ.